ಮೂಗರ್ಜಿಯ ಹಳದಿ ಚುಕ್ಕೆ

ನಾನು ಧೈರ್ಯವಂತನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಧೈರ್ಯವಿದ್ದವರು ಎದುರಿಗೆ ನಿಂತು ಮಾತನಾಡುತ್ತಾರೆ, ಇಲ್ಲದವರು ಮೂಗರ್ಜಿ ಬರೆಯುತ್ತಾರೆ. ಹೆಸರು, ಸಹಿ ಎರಡೂ ಬೇಕಿಲ್ಲದ ಕಾರಣ ಅದನ್ನು ಬರೆಯುವಾಗ ನನ್ನಂಥವನ ಕನ್ನಡಕ್ಕೂ ಮೀಸೆ ಬಂದುಬಿಡುತ್ತದೆ.

ತರೀಕೆರೆಯ ಒಂದು ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ರವಾನೆ ನಂಬರು ಬರೆದು ಕೆಳಗೆ ಚುಟುಕು ಸಹಿ ಹಾಕುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಮ್ಮ ಸೂಪರಿಂಟೆಂಡೆಂಟ್ ರುದ್ರಪ್ಪನವರು ಒಂದು ದಿನ ಶೌಚಾಲಯದ ಬೀಗದ ಕೈಯನ್ನು ತಮ್ಮ ಮೇಜಿಗೆ ತಂದುಕೊಂಡು ಪಕ್ಕದಲ್ಲೊಂದು ಪುಸ್ತಕ ಇಟ್ಟರು. ಹೋದವರ ಹೆಸರು, ಹೋದ ಹೊತ್ತು, ಬಂದ ಹೊತ್ತು, ಸಹಿ. ನನಗೋ ಸಕ್ಕರೆ ಕಾಯಿಲೆ, ಪುಸ್ತಕದ ತುಂಬ ನನ್ನದೇ ಹೆಸರು. ಜನರೆದುರು ಅವರು, "ಏನ್ರೀ, ಮತ್ತೆ ಬಂದ್ರಾ?" ಎಂದ ದಿನ ನನಗೆ ನಿಜವಾಗಿಯೂ ಅವಮಾನವಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಮೇಲಿನ ಕಚೇರಿಗೆ "ನೊಂದ ನೌಕರರು" ಎಂದು, ಸಕ್ಕರೆ ಕಾಯಿಲೆಯವರ ಪಾಡನ್ನೂ ಸೇರಿಸಿ, ಮೂಗರ್ಜಿ ಟೈಪು ಮಾಡಿ, ಕಚೇರಿಯ ಕಲರ್ ಪ್ರಿಂಟರಿನಲ್ಲೇ ತೆಗೆದೆ. ತರೀಕೆರೆಯ ಅಂಚೆ ಮುದ್ರೆ ಬೀಳಬಾರದೆಂದು ಕಡೂರಿಗೆ ಬಸ್ಸು ಹತ್ತಿ ಹೋಗಿ ಡಬ್ಬಿಗೆ ಹಾಕಿ ಬಂದೆ. ಇಷ್ಟು ಜಾಣತನ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ವಾರದ ಮೇಲೆ ಅಮೃತಾಪುರದಿಂದ ಬರುವ ನಮ್ಮ ಕಂಪ್ಯೂಟರ್ ಹುಡುಗಿ ಗಿರಿಜಾ ಊಟದ ಹೊತ್ತಿನಲ್ಲಿ ಮೊಬೈಲು ನೋಡುತ್ತ, "ಸಾರ್, ಕೆಲವು ಕಲರ್ ಪ್ರಿಂಟರು ಹಾಳೆ ತುಂಬ ಕಣ್ಣಿಗ್ ಕಾಣ್ದಂಗೆ ಹಳದಿ ಚುಕ್ಕೆ ಹಾಕ್ತವಂತೆ. ಯಾವ ಮಿಷಿನ್ನು, ಯಾವತ್ತು, ಎಷ್ಟೊತ್ತಿಗೆ, ಎಲ್ಲಾ ಅದ್ರಲ್ಲೇ ಐತಂತೆ!" ಎಂದಳು. ಬಾಯಿಗೆ ಹೊರಟಿದ್ದ ಚಿತ್ರಾನ್ನದ ತುತ್ತನ್ನು ಡಬ್ಬಿಗೇ ವಾಪಸು ಹಾಕಿದೆ. ನಮ್ಮ ಪ್ರಿಂಟರೂ ಆ ಜಾತಿಯದೇ? ಅವಳಿಗೆ ಗೊತ್ತಿಲ್ಲ. ಯಾರನ್ನು ಕೇಳುವುದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಈ ವಯಸ್ಸಿನಲ್ಲಿ ಅಜ್ಜಂಪುರದ ಮನೆ ಬಿಟ್ಟು ಎಲ್ಲಿಗೋ ವರ್ಗವಾದರೆ ಗತಿಯೇನು? ಹೆಂಡತಿಗೆ ಹೇಳಿದರೆ, "ಚುಕ್ಕೆ ಯಾಕ್ ಬೇಕು ಕಣ್ರೀ? ಬರ್ದಾಗ್ಲಿಂದ ನಿಮ್ ಮುಖಾನೇ ಹೇಳ್ತೈತೆ," ಎಂದಳು. ಅಂದಿನಿಂದ ಪ್ರಿಂಟರಿನ ಮುಂದೆ ಹಾಯುವಾಗಲೂ ತಲೆ ತಗ್ಗಿಸತೊಡಗಿದೆ.

ಸಂಪ್ರದಾಯದಂತೆ ಮೂಗರ್ಜಿ "ಪರಿಶೀಲಿಸಿ ವರದಿ ನೀಡಿ" ಎಂಬ ಷರಾದೊಂದಿಗೆ ನಮ್ಮ ಕಚೇರಿಗೇ ಬಂತು. ಟಪಾಲು ಒಡೆದವನು ನಾನೇ. ಭೂತಗನ್ನಡಿ ಹಿಡಿದು ಹಾಳೆಯ ಮೇಲೆ ಬಗ್ಗಿದೆ. ಒಂದು ಹಳದಿ ಚುಕ್ಕೆ ಸಿಕ್ಕಿಯೇಬಿಟ್ಟಿತು! ಬೆವೆತು, ಉಗುರಿನಿಂದ ಕೆರೆದು, ಮೂಸಿ ನೋಡಿದೆ. ನನ್ನದೇ ಬೆರಳಿನ ಅರಿಸಿನ. ಬೇರೆ ಚುಕ್ಕೆಗಳು ಇವೆಯೋ, ಇದ್ದೂ ಕಾಣುತ್ತಿಲ್ಲವೋ, ಇಲ್ಲದಿದ್ದರೂ ಕಾಣುತ್ತಿವೆಯೋ, ಒಂದೂ ತಿಳಿಯದೆ ಕುಳಿತಿದ್ದಾಗ ಹಿಂದಿನಿಂದ ರುದ್ರಪ್ಪನವರ ದನಿ ಬಂತು.

"ಏನ್ರೀ ಹುಡುಕ್ತಿದೀರಿ?"

"ಏನಿಲ್ಲ ಸಾರ್... ಸಣ್ಣ ಚುಕ್ಕೆ."

ಅವರು ಹಾಳೆಯನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅದರ ಎಡ ಮೂಲೆಯ ಮೇಲೆ ಬೆರಳಿಟ್ಟರು. ಅಲ್ಲಿ, ಹೆಬ್ಬೆರಳಷ್ಟು ದಪ್ಪಕ್ಕೆ, ನೀಲಿ ಶಾಯಿಯಲ್ಲಿ ರವಾನೆ ನಂಬರು. ಅದರ ಕೆಳಗೆ ನನ್ನ ಚುಟುಕು ಸಹಿ, ತಾರೀಖಿನ ಸಮೇತ. ಕವರಿಗೆ ಹಾಕುವ ಮುನ್ನ ಇಪ್ಪತ್ತೆರಡು ವರ್ಷದ ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತ್ತು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರುದ್ರಪ್ಪನವರು ಕೂಗಾಡಲಿಲ್ಲ. ಹಾಳೆಯನ್ನು ನನ್ನ ಮುಂದಿಟ್ಟು, "ಸಕ್ಕರೆ ಕಾಯ್ಲೆ ಐತೆ ಅಂತ ಒಂದ್ ಮಾತು ನನ್ಗೇ ಹೇಳ್ಬಾರ್ದಾಗಿತ್ತಾ ಮಾರಾಯ್ರೇ?" ಎಂದರು. ಆಮೇಲೆ, "ಅರ್ಜಿದಾರರು ಪತ್ತೆಯಾಗಿಲ್ಲ ಅಂತ ವರದಿ ಬರೀರಿ. ಇದಕ್ಕೆ ಮಾತ್ರ ಮರೀದೆ ನಂಬರ್ ಹಾಕಿ."

ಬದುಕಿದೆ ಅನ್ನಿಸಿದ ಕೂಡಲೇ ನನಗೆ ಬೀಗದ ಕೈ ಬೇಕಾಯಿತು. ಟಪಾಲಿನ ಮೊಹರು ಕೈಯಲ್ಲಿರುವಂತೆಯೇ ಅವರ ಹಿಂದೆ ಅವರ ಮೇಜಿಗೆ ಹೋದೆ. ಅವರು ಪುಸ್ತಕವನ್ನು ಪಕ್ಕಕ್ಕೆ ಸರಿಸಿ, "ಹೋಗ್ರಿ ಹೋಗ್ರಿ, ಬರಿಯೋದೇನೂ ಬೇಡ," ಎಂದರು. ಆದರೆ ನಾನು ಆಗಲೇ ಹೆಸರು, ಹೊತ್ತು ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿಯಾಗಿತ್ತು.