ಗಂಡುಗಳನ್ನೆಲ್ಲ ಒಬ್ಬರನ್ನಾಗಿ ಮಾಡಿದ ತಂತ್ರಾಂಶದ ಕರ್ತೃಗಳಿಗೆ

ಮಾನ್ಯರೇ,

ತುಮಕೂರಿನಲ್ಲಿ ವಧು-ವರರ ಮಾಹಿತಿ ಕೇಂದ್ರ ನಡೆಸುತ್ತಿರುವ ಅನುಪಮಾ ಎಂಬ ನಾನು, ತಾವೂ ತಮ್ಮ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯೂ ಕ್ಷೇಮವೆಂದು ನಂಬಿ, ಅತ್ಯಂತ ವಿನಯದಿಂದ ಬರೆದುಕೊಳ್ಳುವುದೇನೆಂದರೆ:

ಬರೆದಿಟ್ಟ ಕಡತಗಳನ್ನು ವೆಬ್ ಪುಟಗಳನ್ನಾಗಿ ಮಾಡಿಕೊಡುವ ತಮ್ಮ ತಂತ್ರಾಂಶವನ್ನು ನಮ್ಮ ಮನೆಗೆ ತಂದವರು ಕಂಪ್ಯೂಟರ್ ಮೇಷ್ಟ್ರಾದ ನನ್ನ ಪತಿ ಗುರುಪ್ರಕಾಶ್. ನಾನು ವರರ ವಿವರವನ್ನೆಲ್ಲ ಶ್ರದ್ಧೆಯಿಂದ ಕನ್ನಡದಲ್ಲಿ ತುಂಬಿದೆ. ಪುಟಕ್ಕೆ ಹೆಸರಿಡುವಾಗ ಇಂಗ್ಲಿಷಲ್ಲದ ಅಕ್ಷರಗಳನ್ನೆಲ್ಲ ಕಸವೆಂದು ಗುಡಿಸಿಹಾಕುವ ತಮ್ಮ ತಂತ್ರಾಂಶವು ಎಲ್ಲ ಪುಟಗಳಿಗೂ ಒಂದೇ ಖಾಲಿ ಹೆಸರಿಟ್ಟು, ಒಂದರ ಮೇಲೊಂದು ಬರೆಯುತ್ತ ಹೋಗಿ, ನಮ್ಮ ಪಟ್ಟಿಯ ಕೊನೆಗಿದ್ದ ಗುಬ್ಬಿಯ ಪಾತ್ರೆ ಅಂಗಡಿ ಷಡಕ್ಷರಿಯವರನ್ನು ಮಾತ್ರ ಉಳಿಸಿಕೊಂಡಿತು. ನಲವತ್ತು ದಾಟಿದ, ವರ್ಷಗಳಿಂದ ಯಾರೂ ವಿಚಾರಿಸದಿದ್ದ ಒಬ್ಬರನ್ನು ಮೂರು ತಾಲ್ಲೂಕಿನ ಏಕೈಕ ವರನನ್ನಾಗಿ ಮಾಡಿದ ತಮ್ಮ ಸಮದೃಷ್ಟಿಗೆ ನಮಸ್ಕಾರ.

ಮಗಳು ದೀಪಿಕಾಗೆ ಗಂಡು ಹುಡುಕುತ್ತಿದ್ದ ಕುಣಿಗಲ್ಲಿನ ಸಿದ್ದಗಂಗಮ್ಮನವರು ಫೋನ್ ಮಾಡಿ, "ಏನಮ್ಮಾ, ಊರ್ಡಿಗೆರೆ ಬ್ಯಾಂಕ್ ಹುಡ್ಗನ್ನ ಒತ್ತಿದ್ರೂ ಗುಬ್ಬಿಯೋರೇ ಬತ್ತವ್ರೆ, ಅಮೃತೂರು ಹುಡ್ಗನ್ನ ಒತ್ತಿದ್ರೂ ಅವ್ರೇ ಬತ್ತವ್ರೆ. ನಿಮ್ಮತ್ರ ಇರೋದೇ ಒಬ್ರಾ?" ಎಂದಾಗಲೇ ನನಗೆ ವಿಷಯ ತಿಳಿದದ್ದು. ಷಡಕ್ಷರಿಯವರಿಗೆ ತಿಳಿಸಿದರೆ, "ಅಕ್ಕಾ, ಬೆಳಗ್ಗಿಂದ ಫೋನ್ ಇಡಕ್ಕೇ ಆಗ್ತಿಲ್ಲ. ನಾಕ್ ದಿನ ಹಂಗೇ ಇರ್ಲಿ ಬುಡಿ" ಎಂದರು.

ಮಿಕ್ಕ ಗಂಡುಗಳ ತಂದೆತಾಯಂದಿರು ಬಾಗಿಲಿಗೆ ಬರುವ ಮೊದಲು ನಾನೇ ತಮ್ಮ ತಂತ್ರಾಂಶಕ್ಕೆ ತೇಪೆ ಹಾಕುವ ಪ್ಲಗಿನ್ ಬರೆಯಲು ಕುಳಿತೆ. "ಪ್ಲಗಿನ್ ಬರೆಯುವುದು ಸುಲಭ" ಎಂಬುದು ತಮ್ಮ ಕೈಪಿಡಿಯ ಆ ಅಧ್ಯಾಯದ ಮೊದಲ ವಾಕ್ಯ. ಎರಡನೆಯ ವಾಕ್ಯವನ್ನು ತಾವು ಓದುಗರ ಕಲ್ಪನೆಗೆ ಬಿಟ್ಟಿದ್ದೀರಿ. ಲಿಸ್ಪಿನಲ್ಲಿ ಬರೆದದ್ದು ಅಂಗೈಯಗಲ, ಕೊನೆಯಲ್ಲಿ ಸೀರೆ ಕುಚ್ಚಿನಂತೆ ಇಳಿಬಿದ್ದ ಆವರಣ ಚಿಹ್ನೆಗಳೇ ಮೊಳದುದ್ದ. ಕೆಲಸ ನಿಂತಾಗಲೆಲ್ಲ ನನ್ನ ಪತಿ ಪೇಪರಿನಿಂದ ತಲೆಯೆತ್ತದೆ, "ಇನ್ನೊಂದ್ ಬ್ರ್ಯಾಕೆಟ್ ಹಾಕ್ ನೋಡು" ಎನ್ನುತ್ತಿದ್ದರು. ದುಃಖದ ಸಂಗತಿಯೆಂದರೆ ಅವರ ಮಾತೇ ಸರಿಯಿರುತ್ತಿತ್ತು. ಆದಕಾರಣ ಮುಂದಿನ ಆವೃತ್ತಿಯೊಡನೆ ಒಂದು ಸೇರು ಆವರಣಗಳನ್ನು ಬಿಡಿಯಾಗಿ ಅಂಚೆಯಲ್ಲಿ ಕಳುಹಿಸಬೇಕಾಗಿ ಪ್ರಾರ್ಥನೆ.

ಅಂತೂ ಕನ್ನಡದ ಹೆಸರು ಕನ್ನಡದಲ್ಲೇ ಉಳಿಯಿತು, ಪ್ರತಿಯೊಬ್ಬರಿಗೂ ಅವರವರ ಪುಟ ಸಿಕ್ಕಿತು. ಸಿದ್ದಗಂಗಮ್ಮನವರು ಮಗಳನ್ನು ಕರೆದುಕೊಂಡು ನಮ್ಮ ಕೇಂದ್ರಕ್ಕೇ ಬಂದರು. ದೀಪಿಕಾ ಬ್ಯಾಂಕಿನವರ ಪುಟವನ್ನು ಪೂರ್ತಿ ಓದಿ, ಫೋನು ಕೆಳಗಿಟ್ಟು ಹೇಳಿದಳು: "ಇವ್ರು ಚೆನ್ನಾಗೇ ಇದಾರೆ ಆಂಟಿ. ಆದ್ರೆ ಅವತ್ತು ಎಲ್ಲಾ ಪುಟದಲ್ಲೂ ಒಬ್ರೇ ಬರ್ತಿದ್ದಾಗ ಫೋನ್ ಮಾಡಿದ್ರೆ ಆ ಗುಬ್ಬಿಯೋರು ಮೊದಲನೇ ಮಾತೇ, 'ನೀವು ಹುಡುಕ್ತಿರೋನು ನಾನಲ್ಲ ಕಣ್ರೀ' ಅಂದ್ರು. ನಾನ್ ಮಾತಾಡಿದ ಗಂಡುಗಳಲ್ಲಿ ನಿಜ ಹೇಳಿದ್ದು ಅವ್ರೊಬ್ರೇ." ಸಿದ್ದಗಂಗಮ್ಮನವರು ಗುಬ್ಬಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಮದುವೆ ಬರುವ ತಿಂಗಳು.

ತಮ್ಮ ತಪ್ಪಿಗೆ ಕ್ಷಮೆಯನ್ನೂ ಅದರ ಫಲಕ್ಕೆ ಧನ್ಯವಾದವನ್ನೂ ಒಂದೇ ಲಕೋಟೆಯಲ್ಲಿಟ್ಟಿರುವ,

ತಮ್ಮ ವಿಶ್ವಾಸಿ,
ಅನುಪಮಾ ಗುರುಪ್ರಕಾಶ್

ವಿ.ಸೂ.: ತಮ್ಮ ತಂಡದಲ್ಲಿ ಅವಿವಾಹಿತರಿದ್ದರೆ ವಿವರ ಕಳುಹಿಸಿ, ಉಚಿತವಾಗಿ ಸೇರಿಸಿಕೊಳ್ಳುತ್ತೇನೆ. ಹುಡುಗನಿಗೆ ಅಕ್ಷರಜ್ಞಾನವಿದೆಯೇ ಎಂದು ಹೆಣ್ಣಿನ ಕಡೆಯವರು ಕೇಳುತ್ತಾರೆ; ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.