ಕೋಡಿದ್ದ ರೌಟರ್ ಮತ್ತು ಬೀಗರ ಸ್ಕೀ

ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಎರೆಮಣ್ಣಿನ ಕೆಸರನ್ನು ಗೆಲ್ಲುವುದು ದೊಡ್ಡ ಮಾತಾಗಿ ಕಾಣಲಿಲ್ಲ. ಹಿಮದ ನಾಡಿನ ಜನ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಸರ್ರನೆ ಜಾರುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಅದಕ್ಕೆ ಸ್ಕೀ ಅನ್ನುತ್ತಾರಂತೆ. ಅವರು ಹಿಮದೊಳಗೆ ಹೂತುಹೋಗುವುದಿಲ್ಲ. ಯಾಕೆಂದರೆ ಮೈಭಾರ ಹಲಗೆಯ ತುಂಬ ಹರಡುತ್ತದೆ. ಹಿಮಕ್ಕೊಂದು ನ್ಯಾಯ, ನಮ್ಮ ಹೊಲಕ್ಕೊಂದು ನ್ಯಾಯ ಎಂದು ವಿಜ್ಞಾನದಲ್ಲಿ ಎಲ್ಲಿಯೂ ಬರೆದಿಲ್ಲ!

ಇದೆಲ್ಲ ಬೀಗರ ಸಲುವಾಗಿ. ಮಗಳನ್ನು ಸಿಂದಗಿಗೆ ಕೊಟ್ಟ ಮೇಲೆ ಬಂದ ಮೊದಲ ಎಳ್ಳಮಾವಾಸ್ಯೆ ಅದು. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಬೇಕು. ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಎರಚಬೇಕು. ಆಮೇಲೆಯೇ ನಮ್ಮ ಊಟ. ಆದರೆ ನಮ್ಮ ಹೊಲದ ಮುಂಭಾಗದಲ್ಲಿ ಕಾಲುವೆಯ ಬಸಿನೀರು ನಿಂತು ವರ್ಷವಿಡೀ ಕೆಸರು. ನಿಶ್ಚಯದ ಸಮಯದಲ್ಲಿ ಹೊಲ ನೋಡಲು ಬಂದ ಬೀಗರು ಗುರುಪಾದಪ್ಪನವರು ಅಲ್ಲೇ ಜಾರಿ ಕುಳಿತಿದ್ದರು. ಬೆಳ್ಳಗಿನ ಧೋತರ ಕರ್ರಗಾಗಿತ್ತು. ಎದ್ದು ನಿಂತವರು ನಗುತ್ತಲೇ ಹೇಳಿದ್ದರು: "ಮಗಳನ್ನ ಕೊಡ್ರಿ, ಹೊಲಾ ನೀವ ಇಟ್ಕೋರಿ."

ಆ ಮಾತು ನನ್ನ ಎದೆಯಲ್ಲಿ ಕುಳಿತಿತ್ತು. ಅದಕ್ಕೇ ಈ ಸಲ ಫೋನಿನಲ್ಲಿ ಮಾತು ಕೊಟ್ಟುಬಿಟ್ಟೆ. "ನಿಮ್ಮ ಧೋತರಕ್ಕ ಒಂದ ಹನಿ ಕೆಸರು ಹತ್ತಿದ್ರ ನನಗ ಬ್ಯಾರೆ ಹೆಸರು ಇಡ್ರಿ ಬೀಗ್ರ!"

"ಟ್ರ್ಯಾಕ್ಟರ್‌ನ್ಯಾಗ ಕುಂದ್ರಿಸಿ ಕರಕೊಂಡು ಹೋದ್ರ ಆತಲ್ರೀ," ಎಂದಳು ಹೆಂಡತಿ ಕಮಲಾ.

"ಬೀಗರನ್ನ ಕಬ್ಬಿನ ಗತೆ ಹೇರ್ಕೊಂಡು ಹೋಗೂದೇನ? ನಮಗೂ ಒಂದು ಮರ್ಯಾದಿ ಐತಿ!" ಎಂದು ಅವಳ ಬಾಯಿ ಮುಚ್ಚಿಸಿದೆ.

ಸ್ಕೀಗೆ ತೇಗದ ಹಲಗೆ ಮನೆಯಲ್ಲೇ ಇತ್ತು, ಅಟ್ಟದ ಮೇಲಿನ ಹಳೆಯ ಬಾಗಿಲು. ಅದರ ಅಂಚು ಕೊರೆದು ಆಕಾರ ಕೊಡಲು, ನೇರ ಸಾಗುವಂತೆ ಅಡಿಯಲ್ಲೊಂದು ಉದ್ದ ಗೀರು ಹಾಕಲು ರೌಟರ್ ಎಂಬ ಯಂತ್ರ ಬೇಕಿತ್ತು. ಆರಿಸಲು ನಮ್ಮ ಮಲ್ಲಪ್ಪ ಕಾಕಾನನ್ನು ಕರೆದುಕೊಂಡು ಹೋದೆ. ಝಳಕಿಯಿಂದ ಮುದ್ದೇಬಿಹಾಳದವರೆಗೆ ಯಾರೇ ಎತ್ತು ಕೊಳ್ಳಲಿ, ಆರಿಸಲು ಕಾಕಾನೇ ಬೇಕು. ಎತ್ತು ಆರಿಸುವವನಿಗೆ ರೌಟರ್ ಯಾವ ಲೆಕ್ಕ?

ಅಂಗಡಿಯವನು ಎರಡನ್ನು ತೆಗೆದಿಟ್ಟ. ಒಂದು, ಒಂದೇ ಕೈಯಲ್ಲಿ ಹಿಡಿಯುವ ಸಣ್ಣದು. ಇನ್ನೊಂದು, ಎರಡೂ ಬದಿಗೆ ಹಿಡಿಕೆ ಚಾಚಿಕೊಂಡ ದೊಡ್ಡದು.

"ನಿಮಗ ಸಣ್ಣದ ಸಾಕ್ರೀ ಸರ್. ದೊಡ್ಡದು ಕಲತವ್ರಿಗೆ," ಎಂದ.

ಮಾಸ್ತರನಿಗೆ ಹೇಳುವ ಮಾತೇ ಇದು! ನನಗೆ ಅಲ್ಲಿಯೇ ಅರ್ಧ ಸಿಟ್ಟು ಬಂತು. ಉಳಿದ ಅರ್ಧವನ್ನು ಕಾಕಾ ತುಂಬಿದ. ದೊಡ್ಡದರ ಬೆನ್ನ ಮೇಲೆ ಕೈಯಾಡಿಸಿದ, ಹೊಟ್ಟೆ ತಟ್ಟಿದ, ಬಗ್ಗಿ ಹಲ್ಲು ನೋಡಿದ. ಆಮೇಲೆ ಎರಡೂ ಹಿಡಿಕೆ ಹಿಡಿದು ಅಲುಗಾಡಿಸಿದ.

"ಕೋಡು ನೋಡೋ ತಮ್ಮಾ, ಹೆಂಗ ಅದಾವು! ಆ ಸಣ್ಣದು ಇನ್ನಾ ಕರಾ. ಕರಾ ಕಟ್ಟಿ ನೇಗಿಲಾ ಹೊಡಿತಿಯೇನ?"

ಕರುವನ್ನು ನೇಗಿಲಿಗೆ ಕಟ್ಟುವ ಮನುಷ್ಯ ನಾನಲ್ಲ. ದೊಡ್ಡದೇ ಆಗಲಿ ಎಂದೆ. ತಕ್ಷಣ ಕಾಕಾ ಹೆಗಲಿನ ಟವೆಲನ್ನು ಅಂಗಡಿಯವನ ಕೈ ಮೇಲೆ ಹೊದಿಸಿ, ಅದರೊಳಗೆ ಅವನ ಬೆರಳು ಒತ್ತತೊಡಗಿದ. ದನದ ಸಂತೆಯಲ್ಲಿ ದರ ಮಾತಾಡುವುದು ಹಾಗೆಯೇ, ಗುಟ್ಟಾಗಿ. ಅಂಗಡಿಯವನು ಗಾಬರಿಯಾಗಿ ಕೈ ಕಿತ್ತುಕೊಂಡ. "ಕಾಕಾ, ರೇಟು ಡಬ್ಬಿ ಮ್ಯಾಲೇ ಬರದೈತ್ರೀ!"

ಯಂತ್ರ ಮನೆಗೆ ಬಂತು. ಕಾಕಾನ ಒತ್ತಾಯಕ್ಕೆ ಕಮಲಾ ಆರತಿ ಬೆಳಗಿ ಎರಡೂ ಕೋಡಿಗೆ ಕುಂಕುಮ ಹಚ್ಚಿದಳು. ನಾನು ಅಂಗಳದಲ್ಲಿ ಹಲಗೆ ಹಾಸಿ, ಕೋಡು ಹಿಡಿದು, ಗುಂಡಿ ಒತ್ತಿದೆ.

ಆಮೇಲೆ ಯಂತ್ರ ನನ್ನನ್ನು ಹಿಡಿಯಿತು! ಗುರ್ ಎಂದು ಗುಟುರು ಹಾಕಿ ಮುಂದಕ್ಕೆ ಜಿಗಿಯಿತು. ನಾನು ಎಡಕ್ಕೆ ಎಳೆದರೆ ಅದು ಬಲಕ್ಕೆ. ಅಂಚು ಹಿಡಿದು ಹೋಗಬೇಕಾದದ್ದು ಹಲಗೆಯ ನಟ್ಟನಡುವೆ ನುಗ್ಗಿ, ಹಲಗೆ ಮುಗಿದರೂ ನಿಲ್ಲದೆ ತುಳಸಿಕಟ್ಟೆಯತ್ತ ನಡೆಯಿತು. ಹಿಂದೆ ನಾನು.

"ಮೂಗುದಾರ ಇಲ್ಲೇನೋ ಇದಕ್ಕ?" ಕಾಕಾ ಜಗಲಿ ಹತ್ತಿ ನಿಂತು ಕೂಗಿದ.

ಕಮಲಾ ಓಡಿ ಬಂದು ವಯರು ಕಿತ್ತಳು. ಅಷ್ಟರಲ್ಲಿ ಕಟ್ಟಿಗೆಯ ಪುಡಿ ಎದ್ದು, ಹಬ್ಬಕ್ಕೆಂದು ಬಡಿದು ಒಣಹಾಕಿದ್ದ ಸಜ್ಜೆ ರೊಟ್ಟಿಗಳ ಮೇಲೆ ಕುಳಿತಿತ್ತು.

"ನಾ ಎಳ್ಳು ಹಚ್ಚೇನಿ. ಅದರ ಮ್ಯಾಲೆ ನೀವು ಕಟಗಿ ಹೊಟ್ಟು ಹಚ್ಚೀರಿ! ಬೀಗರು ಕೇಳಿದ್ರ ಏನಂತ ಹೇಳ್ಲಿ?"

ಬಾಗಿಲಿನ ಮುಕ್ಕಾಲು ಪಾಲು ಹಲಗೆ ಹಾಳಾದ ಮೇಲೆ ಒಂದು ಜೋಡಿ ಸ್ಕೀ ಹುಟ್ಟಿತು. ತುದಿ ಮೇಲಕ್ಕೆ ಬಾಗಿರಬೇಕಿತ್ತು. ಬಾಗಿಸುವುದು ರೌಟರಿನ ಕೆಲಸವಲ್ಲ ಎಂಬುದು ರೌಟರ್ ಕೊಂಡ ಮೇಲೆ ತಿಳಿಯಿತು. ಇನ್ನು ಅಡಿಯ ಗೀರು. ಬೆರಳಿನ ಉಗುರಿನಷ್ಟು ಆಳ ಸಾಕಿತ್ತು. ನಮ್ಮ ಕೋಡಿನವನು ಬಿತ್ತನೆಗೆ ಸಾಲು ಹೊಡೆದಂತೆ ಹೊಡೆದಿದ್ದ. ಕಾಕಾ ಅದರಲ್ಲಿ ಬೆರಳಿಟ್ಟು ನೋಡಿ, "ಭೇಷ್! ಕಡ್ಲಿ ಬಿತ್ತಬೌದು," ಎಂದ.

ಹಬ್ಬದ ದಿನ ಎಲ್ಲರಿಗಿಂತ ಮೊದಲೇ ಹೊಲ ಸೇರಿದೆ. ಮೊದಲು ನಾನು ದಾಟಿ ತೋರಿಸುವುದು, ಆಮೇಲೆ ಬೀಗರು ಅದೇ ಸ್ಕೀ ಮೇಲೆ ಬರುವುದು, ಇದು ಯೋಜನೆ. ಕಾಲಿಗೆ ಸ್ಕೀ ಇಟ್ಟು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ, ಕೆಸರಿಗಿಳಿದೆ.

ಮುಳುಗಲಿಲ್ಲ! ವಿಜ್ಞಾನ ಗೆದ್ದಿತು ಎಂದು ಒಬ್ಬನೇ ಕೂಗಿದೆ.

ಮುಂದಿನ ಹೆಜ್ಜೆ ಎತ್ತಲು ಹೋದರೆ ಕಾಲು ಬರಲಿಲ್ಲ. ಹಿಮ ಜಾರುತ್ತದೆ. ಎರೆಮಣ್ಣು ಅಂಟುತ್ತದೆ. ಹುಟ್ಟಿದಾಗಿನಿಂದ ನನ್ನ ಚಪ್ಪಲಿಗೆ ಅಂಟುತ್ತಲೇ ಬಂದ ಆ ಮಣ್ಣು ಅಂದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಆಳವಾದ ಗೀರಿನ ತುಂಬ ಕೆಸರು ತುಂಬಿ ಕಚ್ಚಿ ಹಿಡಿದಿತ್ತು. ಎಳೆದಂತೆಲ್ಲ ಬಾಗದ ತುದಿ ಒಳಗೆ ಹೊಕ್ಕಿತು. ಬಗ್ಗಿ ಟ್ಯೂಬು ಬಿಚ್ಚೋಣವೆಂದರೆ ಗಂಟು ಕೆಸರಿನೊಳಗೆ.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರೇಲರಿನಲ್ಲಿ ಜಮಖಾನೆ ಹಾಸಿ, ಲೋಡುದಿಂಬಿಗೆ ಒರಗಿ ಗುರುಪಾದಪ್ಪನವರು ಕುಳಿತಿದ್ದರು. ಪಕ್ಕದಲ್ಲಿ ಕಾಕಾ. ಹಿಂದೆ ಬುತ್ತಿಯೊಂದಿಗೆ ಕಮಲಾ. ಟ್ರ್ಯಾಕ್ಟರ್ ಕೆಸರು ಸೀಳಿಕೊಂಡು ನನ್ನ ಪಕ್ಕದಿಂದಲೇ ಹಾದು ಹೋಯಿತು.

"ಹತ್ತಿ ಬರ್ತೀರೇನ್ರಿ?" ಕಮಲಾ ಕೇಳಿದಳು.

"ನೀವು ನಡೀರಿ. ನಾ ಬರಾಕತ್ತೇನಿ!" ಎಂದೆ. ಬೀಗರ ಎದುರು ಮತ್ತೇನು ಹೇಳಲಿ?

ಬನ್ನಿ ಮರದ ಕೆಳಗೆ ಪೂಜೆ ಮುಗಿಯಿತು. ಹೊಸ ಬೀಗರೆಂದು ಚರಗದ ಬುಟ್ಟಿಯನ್ನು ಗುರುಪಾದಪ್ಪನವರ ಕೈಗೇ ಕೊಟ್ಟರು. ಅವರು ಜೋಳದ ಬೆಳೆಗೆ ಎರಚಿದರು, ಬದುವಿಗೆ ಎರಚಿದರು, ಕೆಸರಿನ ಒಳಬದಿಗಿದ್ದ ಒಡ್ಡಿನ ಒಣನೆಲದ ಮೇಲೆ ನಡೆದು ನನ್ನ ಹತ್ತಿರ ಬಂದರು. ಅವರ ಧೋತರಕ್ಕೆ ಒಂದು ಹನಿ ಕೆಸರು ಹತ್ತಿರಲಿಲ್ಲ. ನಾನು ಕೊಟ್ಟ ಮಾತು ಉಳಿದಿತ್ತು.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಹಿಡಿ ಚರಗವನ್ನು ನನ್ನ ಕಾಲ ಬಳಿ ಚೆಲ್ಲಿ ಕೈಮುಗಿದರು.

"ಬೀಗ್ರ, ಏನಿದು?" ಎಂದೆ.

"ಹೊಲದಾಗ ನಟ್ಟು ನಿಂತಿದ್ದಕ್ಕೆಲ್ಲಾ ಹಾಕಬೇಕಲ್ರಿ," ಎಂದು ಮುಂದೆ ಸಾಗಿದರು.

ದೂರದಲ್ಲಿ ಊಟದ ಪಂಕ್ತಿ ಕುಳಿತಿತು. ನನಗೆ ಭಯಂಕರ ಹಸಿವು. ಕಾಲ ಬಳಿ ಕಡುಬಿನ ಒಂದು ತುಂಡು ಬಿದ್ದಿತ್ತು. ಬಗ್ಗಿದೆ, ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಕಾಗೆಯೊಂದು ಬಂದು ಕೆಸರಿನಿಂದ ಹೊರಗುಳಿದ ನನ್ನ ಸ್ಕೀಯ ಹಿಂತುದಿಯ ಮೇಲೆಯೇ ಕುಳಿತು, ನಿಧಾನವಾಗಿ ಕಡುಬು ತಿಂದಿತು. ಹುಶ್ ಎಂದೆ, ಕೈ ಬೀಸಿದೆ. ಅದು ಕತ್ತೆತ್ತಿ ನನ್ನನ್ನು ಒಮ್ಮೆ ನೋಡಿ, ಮತ್ತೆ ತಿನ್ನತೊಡಗಿತು.

ಬೆದರುಬೊಂಬೆಯಾಗಿಯೂ ನಾನು ಪಾಸಾಗಲಿಲ್ಲ!