ಬೆರ್ಚಪ್ಪ ಒಂದು ದಿನ ರಜೆ ಹಾಕಿದ್ದು

ಕೃಷಿಯಲ್ಲಿ ನನಗೆ ಅಪಾರ ಜ್ಞಾನವಿದೆ. ಯಾಕೆಂದರೆ ಸಸ್ಯಗಳ ಪಾಠವನ್ನು ನಾನು ವರ್ಷ ವರ್ಷವೂ ಮಾಡುತ್ತ ಬಂದಿದ್ದೇನೆ. ಹೀಗಿರುವಾಗ ಶಾಲೆಯ ಅಂಗಳದಲ್ಲಿ ನಾಲ್ಕು ಸಾಲು ಸೂರ್ಯಕಾಂತಿ ಬೆಳೆದು ಸರ್ಕಾರಿ ಶಿಕ್ಷಣವನ್ನು ಉಳಿಸುವುದು ನನಗೆ ಅಂಥ ಕಷ್ಟದ ಕೆಲಸ ಅನ್ನಿಸಲೇ ಇಲ್ಲ.

ಉಳಿಸಬೇಕಾದ ಪರಿಸ್ಥಿತಿ ಬಂದದ್ದು ಮಾತ್ರ ತಮಾಷೆಯಲ್ಲ. ಹಂಗಳದಿಂದ ಆಚೆಗಿರುವ ನಮ್ಮ ಊರಿನ ಶಾಲೆಯಲ್ಲಿ ಇರುವುದು ಇಬ್ಬರೇ: ಮುಖ್ಯ ಶಿಕ್ಷಕನಾದ ನಾನು, ಅತಿಥಿ ಶಿಕ್ಷಕಿ ಸವಿತಾ ಮಿಸ್. ಹಾಜರಾತಿ, ಬಿಸಿಯೂಟ, ಮೊಟ್ಟೆ, ಬಾಳೆಹಣ್ಣು, ಮೀಟಿಂಗುಗಳನ್ನು ನಾನು ನೋಡಿಕೊಳ್ಳುತ್ತೇನೆ. ಮಿಕ್ಕ ಸಣ್ಣಪುಟ್ಟ ಕೆಲಸ, ಅಂದರೆ ಪಾಠ, ಸವಿತಾ ಮಿಸ್ ಬಂದ ಮೇಲೆ ಅವರದ್ದು. ದಿನಾ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾರೆ. ಲೆಕ್ಕ ಎಂದರೆ ಅಳುತ್ತಿದ್ದ ಮಕ್ಕಳು ಈಗ ಮಗ್ಗಿ ಹೇಳಿಕೊಂಡು ಕುಂಟೆಬಿಲ್ಲೆ ಆಡುತ್ತವೆ. ಅಂಥವರನ್ನು, ಅನುದಾನ ಕಡಿತವಾಗಿದೆ, ದಸರಾ ರಜೆಯ ನಂತರ ಬರುವುದು ಬೇಡ ಎಂದು ಮೇಲಿನವರು ಹೇಳಿಬಿಟ್ಟರು. ಊರವರೇ ಸಂಬಳ ಹೊಂದಿಸಿದರೆ ಇಟ್ಟುಕೊಳ್ಳಬಹುದಂತೆ.

ಶಾಲಾ ಸಮಿತಿಯ ಸಭೆ ಕರೆದೆ. ಸಮಿತಿಯ ಅಧ್ಯಕ್ಷ ಮಾದಪ್ಪ ನನ್ನ ಹಳೆಯ ಶಿಷ್ಯ.

"ಸಂಬಳ ಎಲ್ಲಿಂದ ತರನ ಮೇಷ್ಟ್ರೇ? ಚೆಂಡು ಹೂವಿನ ರೇಟು ಬುದ್ದೋಗದೆ" ಎಂದ.

"ಹೂವೇ ನಮ್ಮನ್ನು ಕಾಪಾಡುತ್ತದೆ!" ಎಂದೆ ನಾನು ಎದ್ದುನಿಂತು. "ಕೇರಳದವರು ನಮ್ಮ ರಸ್ತೆಯಲ್ಲಿ ಹೋಗುವಾಗ ಹೂವಿನ ಹೊಲ ಕಂಡರೆ ಕಾರು ನಿಲ್ಲಿಸುತ್ತಾರೆ. ಹೊಲದವರಿಗೆ ಕಾಸು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಶಾಲೆ ಇರುವುದೇ ರಸ್ತೆ ಪಕ್ಕದಲ್ಲಿ. ಅಂಗಳದ ತುಂಬ ಸೂರ್ಯಕಾಂತಿ ಹಾಕೋಣ!"

"ಮೇಷ್ಟ್ರೇ, ನಮ್ಮ ರೋಡು ಪಡುವಲ ದಿಕ್ಕಿಗೆ..." ಎಂದು ಮಾದಪ್ಪ ಬಾಯಿ ತೆರೆದ.

"ಸುಮ್ಮನೆ ಕೂತ್ಕೋ ಮಾದಪ್ಪ" ಎಂದೆ. ಅವನು ಹಳೆಯ ಅಭ್ಯಾಸದಂತೆ ಕೂತ.

ಮನೆಯಲ್ಲಿ ನನ್ನ ಹೆಂಡತಿ ಮಂಜುಳಾ ಇದನ್ನು ಕೇಳಿ ಒಗ್ಗರಣೆ ನಿಲ್ಲಿಸಿದಳು. "ಅಲ್ಲಾ ಕಣ್ರೀ, ಮನೆ ಮುಂದಿನ ತುಳಸಿಯನ್ನೇ ಒಣಗಿಸಿದ ಕೈ ಅದು!"

"ಅದು ಗೃಹಕೃತ್ಯ. ಇದು ಯೋಜನೆ" ಎಂದೆ.

ಮಳೆ ಚೆನ್ನಾಗಿ ಬಂತು. ಮಕ್ಕಳೇ ಬೀಜ ಬಿತ್ತಿದರು, ಕಳೆ ಕಿತ್ತರು. ಮೊಗ್ಗುಗಳು ಬೆಳಿಗ್ಗೆ ಶಾಲೆಯತ್ತ, ಸಂಜೆ ರಸ್ತೆಯತ್ತ ತಿರುಗುವುದನ್ನು ನಾನು ಊರವರನ್ನೆಲ್ಲ ಕರೆದು ತೋರಿಸಿದೆ. "ನೋಡಿ, ಸಂಜೆ ಕಾರುಗಳು ವಾಪಸು ಹೋಗುವ ಹೊತ್ತಿಗೆ ಸರಿಯಾಗಿ ರಸ್ತೆಗೆ ಮುಖ! ಸಮಯಪಾಲನೆ ಎಂದರೆ ಇದು!"

ಹೂವು ಅರಳಿತು. ಅರಳಿದ ಮೇಲೆ ತಿರುಗುವುದನ್ನು ನಿಲ್ಲಿಸಿತು!

ಸೂರ್ಯಕಾಂತಿ ಮೊಗ್ಗಿನಲ್ಲಿ ಮಾತ್ರ ಸೂರ್ಯನ ಹಿಂದೆ ಓಡಾಡುತ್ತದಂತೆ. ಅರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದಂತೆ. ಇದು ನನ್ನ ಪಾಠದಲ್ಲಿರಲಿಲ್ಲ. ನಮ್ಮ ಶಾಲೆ ಪೂರ್ವಕ್ಕಿದೆ, ರಸ್ತೆ ಪಶ್ಚಿಮಕ್ಕೆ. ಅಂಗಳದ ಅಷ್ಟೂ ಹೂವುಗಳು ರಸ್ತೆಗೆ ಬೆನ್ನು ಹಾಕಿ, ತರಗತಿಯೊಳಗೆ ಇಣುಕುತ್ತ, ಸವಿತಾ ಮಿಸ್ ಅವರ ಪಾಠ ಕೇಳುತ್ತ ನಿಂತವು. ಕೇರಳದ ಒಂದು ಕಾರು ನಿಂತಿತು. ಒಬ್ಬರು ಇಳಿದರು, ಹೂವುಗಳ ಹಿಂಭಾಗವನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು, ಮತ್ತೆ ಹತ್ತಿಕೊಂಡರು.

ನಾನು ಸೋಲುವವನಲ್ಲ. ಗೋಣಿದಾರ ತಂದು, ಒಂದು ಸಾಲಿನ ಹೂವುಗಳ ಕುತ್ತಿಗೆ ತಿರುಗಿಸಿ ರಸ್ತೆಯ ಕಡೆಗೆ ಕಟ್ಟಿದೆ. ಸಂಜೆಯೊಳಗೆ ಆ ಸಾಲು ಪೂರ್ತಿ ತಲೆ ತಗ್ಗಿಸಿತು.

"ಮೊದಲೇ ಯಾಕೆ ಹೇಳಲಿಲ್ಲ ಮಾದಪ್ಪ?" ಎಂದು ರೇಗಿದೆ.

"ಏಳಕ್ಕೆ ಬಂದೆ. ಸುಮ್ನೆ ಕೂತ್ಕೋ ಅಂದ್ರಿ. ಇಸ್ಕೂಲಲ್ಲೂ ಇಂಗೇ ಅಂತಿದ್ರಿ!"

ಕೊನೆಗೆ ಅವನೇ ಸಮಾಧಾನ ಹೇಳಿದ. "ಬುಡಿ ಮೇಷ್ಟ್ರೇ. ಊವು ಯಾವ ಕಡೀಕೆ ತಿರುಗ್ದ್ರೇನು, ಕಾಳು ಕಟ್ತದಲ್ಲ. ಕಾಳು ಮಾರನ. ಗಿಣಿ ಬೀಳ್ದಂಗೆ ನೋಡ್ಕಳಿ, ಅಷ್ಟೇಯ."

ಗಿಣಿ ಓಡಿಸಲು ಬೆದರುಬೊಂಬೆ, ಅಂದರೆ ನಮ್ಮ ಕಡೆಯ ಬೆರ್ಚಪ್ಪ, ಬೇಕಾಯಿತು. ಮಂಜುಳಾ ತಡಮಾಡದೆ ನನ್ನ ಮದುವೆಯ ಕಂದು ಕೋಟನ್ನು ತಂದುಕೊಟ್ಟಳು. "ನಿಮಗಂತೂ ಗುಂಡಿ ಹತ್ತಲ್ಲ, ಅದಕ್ಕಾದರೂ ಒಪ್ಪಲಿ." ಮಕ್ಕಳು ಮಡಕೆಗೆ ಸುಣ್ಣದಲ್ಲಿ ಮುಖ ಬರೆದು, ನನ್ನ ಒಡೆದ ಕನ್ನಡಕ ಸಿಕ್ಕಿಸಿದರು. ನೋಡಿದರೆ ನನಗೇ ನಮಸ್ಕಾರ ಮಾಡಬೇಕು ಅನ್ನಿಸಿತು. ಗಿಣಿಗಳು ಆ ಕಡೆ ಸುಳಿಯಲಿಲ್ಲ.

ಸುಳಿದವರು ಸಾಹೇಬರು. ಬಂಡೀಪುರದ ಕಡೆ ಅವಸರದಲ್ಲಿ ಹೋಗುತ್ತಿದ್ದ ನಮ್ಮ ಮೇಲಧಿಕಾರಿಗಳು ರಸ್ತೆಯಲ್ಲೇ ಜೀಪು ನಿಲ್ಲಿಸಿ, "ಏನ್ರೀ ಹೆಡ್‌ಮಾಸ್ಟರೇ!" ಎಂದು ಕೂಗಿದರಂತೆ. ಹೆಡ್‌ಮಾಸ್ಟರು ತಿರುಗಿ ನೋಡಲಿಲ್ಲ. ಹಾರನ್ ಹೊಡೆಸಿದರಂತೆ. ಹೆಡ್‌ಮಾಸ್ಟರು ಕೈ ಚಾಚಿ ಹಾಗೇ ನಿಂತಿದ್ದರಂತೆ! ಆ ಹೊತ್ತಿಗೆ ಅಸಲಿ ಹೆಡ್‌ಮಾಸ್ಟರು ಅಡುಗೆ ಕೋಣೆಯಲ್ಲಿ ಮೊಟ್ಟೆ ಎಣಿಸುತ್ತಿದ್ದ. ಮರುದಿನ ಆದೇಶ ಬಂತು: ತರಗತಿಯ ವೇಳೆಯಲ್ಲಿ ಹೊಲದಲ್ಲಿ ನಿಂತು, ಮೇಲಧಿಕಾರಿ ಕರೆದರೂ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿದ್ದಕ್ಕೆ ಖುದ್ದಾಗಿ ಚಾಮರಾಜನಗರಕ್ಕೆ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.

"ಬೆರ್ಚಪ್ಪನದ್ದು ಒಂದು ಫೋಟೊ ತೆಗೆದುಕೊಂಡು ಹೋಗಿ ತೋರಿಸಿ" ಎಂದಳು ಮಂಜುಳಾ.

"ಫೋಟೊ ನಂಬುವ ಕಾಲವೇ ಇದು? ಸಾಕ್ಷಿ ಖುದ್ದಾಗಿ ಹಾಜರಾಗಬೇಕು!" ಎಂದೆ.

ಬೆರ್ಚಪ್ಪನನ್ನು ಕಿತ್ತು ಹೆಗಲ ಮೇಲೆ ಹೊತ್ತು, ಗುಂಡ್ಲುಪೇಟೆಗೆ ಬಂದು ಚಾಮರಾಜನಗರದ ಬಸ್ಸು ಹತ್ತಿದೆ. ಕೈ ಚಾಚಿದವನನ್ನು ಎಲ್ಲಿ ಮಲಗಿಸುವುದು? ಪಕ್ಕದ ಸೀಟಿನಲ್ಲಿ ಕೂರಿಸಿದೆ. ಕಂಡಕ್ಟರು ಬಂದ.

"ಇವ್ರಿಗೂ ಟಿಕೆಟ್ ತಕಳಿ ಸಾರ್. ಸೀಟ್ ಇಡ್ಕಂಡವ್ರೆ."

"ಅಯ್ಯೋ, ಇದು ಬೆರ್ಚಪ್ಪ ಕಣಪ್ಪ!"

"ಯಾರಾದ್ರೇನ್ ಸಾರ್, ಗಂಡಸ್ರಿಗೆ ಫ್ರೀ ಇಲ್ಲ."

ಹಿಂದಿನ ಸೀಟಿನ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ನಿಮ್ಮಣ್ಣಾವ್ರಾ ಮಗ? ಮಖ ಎಲ್ಲಾ ನಿನ್ ತರಾನೇ ಅದೆ. ಉಸಾರಿಲ್ವಾ ಪಾಪ?" ಎಂದು ಕೇಳಿತು. ನಾನು ಎರಡು ಟಿಕೆಟ್ ತೆಗೆದುಕೊಂಡೆ.

ಸಾಹೇಬರು ಮೊದಲು ಬೆರ್ಚಪ್ಪನನ್ನು ನೋಡಿದರು, ಆಮೇಲೆ ನನ್ನನ್ನು. ಮೇಜಿಗೆ ತಲೆ ಇಟ್ಟು ನಗತೊಡಗಿದರು. ನಗು ನಿಂತ ಮೇಲೆ ನಾನು ಸವಿತಾ ಮಿಸ್ ಕಥೆ ಹೇಳಿದೆ. "ಅನುದಾನ ನನ್ನ ಕೈಯಲ್ಲಿಲ್ಲ ಮೇಷ್ಟ್ರೇ. ಆದರೆ ನಿಮ್ಮ ಮಿಸ್ ಬೇಕೇ ಬೇಕು ಅಂತ ಮೇಲಕ್ಕೆ ಬರೆಯುತ್ತೇನೆ. ಅಲ್ಲಿವರೆಗೆ ನೀವೇ ಏನಾದರೂ ಮಾಡಿ" ಎಂದರು. ನಾನು ಜಯಶಾಲಿಯಾಗಿ ಹಿಂದಿರುಗಿದೆ.

ಶಾಲೆಯ ಹತ್ತಿರ ಬರುತ್ತಲೇ ಗದ್ದಲ ಕೇಳಿಸಿತು. ಸವಿತಾ ಮಿಸ್ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಮಕ್ಕಳು ಬಿಸಿಯೂಟದ ತಟ್ಟೆ ಬಡಿಯುತ್ತ ಕಿರುಚುತ್ತಿದ್ದರು. ಬೆರ್ಚಪ್ಪ ಇಲ್ಲದ್ದನ್ನು ನೋಡಿ ಎಲ್ಲೆಲ್ಲಿಯ ಗಿಣಿಗಳೋ ಬಂದು ಇಳಿದಿದ್ದವು. ಈ ಕಡೆ ಓಡಿಸಿದರೆ ಆ ಕಡೆ ಕೂರುತ್ತಿದ್ದವು. ನನ್ನ ಹೆಗಲ ಮೇಲಿದ್ದ ಕೋಟನ್ನು ಕಂಡಾಗಷ್ಟೇ ಹಾರಿಹೋದವು. ಅರ್ಧ ಬೆಳೆ ಹೋಗಿತ್ತು!

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಜಗಲಿಯ ಮೇಲೆ ಬೆರ್ಚಪ್ಪನ ಪಕ್ಕ ಕೂತುಬಿಟ್ಟೆ. "ಬಿಡಿ ಸಾರ್, ಗಿಣಿಗಳಿಗೂ ಒಂದು ದಿನ ಬಿಸಿಯೂಟ ಆಯ್ತು" ಎಂದರು ಸವಿತಾ ಮಿಸ್. ಹಾಗೆನ್ನುತ್ತ ಮುಖವನ್ನು ಆ ಕಡೆ ತಿರುಗಿಸಿಕೊಂಡರು.

ಅಷ್ಟರಲ್ಲಿ ಊರು ಸೇರಿತ್ತು. ಬಸ್ಸಿನ ಟಿಕೆಟ್ಟಿನ ಕಥೆ ನನಗಿಂತ ಮೊದಲೇ ಊರು ತಲುಪಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ನಿಂತವಳು ರತ್ನಮ್ಮ ಒಬ್ಬಳೇ. ಚೆಂಡು ಹೂ ಕೊಯ್ಯುವ ಕೂಲಿಗೆ ಹೋಗುವವಳು. ಅವಳ ಮಗಳು ಮೂರನೇ ಕ್ಲಾಸು.

"ನಗ್ತೀರಲ್ರೋ" ಎಂದಳು. "ಬಾಯಿಲ್ದ ಬೆರ್ಚಪ್ಪ ಒಂದ್ ದಿನ ಇಲ್ದಿದ್ದಕ್ಕೇ ಅರ್ಧ ಒಲ ಓಯ್ತು. ಮಿಸ್ಸು ಓದ್ರೆ ನಮ್ ಮಕ್ಳ ಗತಿ ಏನ್ಲಾ ಮಾದಪ್ಪ? ನನ್ ಮಗ್ಳು ಈಗ ಅಂಗ್ಡೀಲಿ ಚಿಲ್ರೆ ಲೆಕ್ಕ ಅವ್ಳೇ ಏಳ್ತಾಳೆ ಕಣ. ವಾರಕ್ಕೊಂದ್ ದಿನದ ಕೂಲಿ ನಾನ್ ಕೊಡ್ತೀನಿ. ನೀವೇನ್ ಕೊಟ್ಟೀರಿ ಏಳಿ!"

ನಗು ನಿಂತಿತು. ಮಾದಪ್ಪ ತಲೆ ಕೆರೆದುಕೊಂಡು, "ನಂದೊಂದ್ ಮೂಟೆ ಊವು ಬರ್ಕಳಿ" ಎಂದ. ಇನ್ನೊಬ್ಬರು ಹಾಲಿನ ದುಡ್ಡೆಂದರು, ಮತ್ತೊಬ್ಬರು ಬಾಳೆಗೊನೆ ಎಂದರು. ಉಳಿದರ್ಧ ಸೂರ್ಯಕಾಂತಿಯ ಕಾಳೂ ಸೇರಿತು. ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಮಿಸ್ ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ನಾನು ಸಭೆ ಕರೆದು, ಭಾಷಣ ಮಾಡಿ, ಯೋಜನೆ ಹಾಕಿ ಆಗದ ಕೆಲಸ, ಒಂದು ಮಡಕೆತಲೆ ಒಂದು ದಿನ ರಜೆ ಹಾಕಿದ್ದರಿಂದ ಆಯಿತು!

ದಸರಾ ರಜೆ ಮುಗಿದ ಮೊದಲ ದಿನ ಶಾಲೆಯಲ್ಲಿ ಸಣ್ಣ ಸಮಾರಂಭ. ಸವಿತಾ ಮಿಸ್‌ಗೆ ಶಾಲು ಹೊದಿಸಿ, ಚೆಂಡು ಹೂವಿನ ಹಾರ ಹಾಕಿದರು. ಮಕ್ಕಳು ಚಪ್ಪಾಳೆ ನಿಲ್ಲಿಸಲೇ ಇಲ್ಲ. ಮಿಸ್ ಅತ್ತರು, ರತ್ನಮ್ಮನೂ ಅತ್ತಳು. ನನ್ನ ಕಣ್ಣಿಗೂ ಏನೋ ಬಿತ್ತು.

ಆಗ ಮಾದಪ್ಪ ಇನ್ನೊಂದು ಶಾಲು ಎತ್ತಿಕೊಂಡು, "ಈ ಕೆಲ್ಸಕ್ಕೆಲ್ಲಾ ಕಾರಣ ಆದೋರು ಇನ್ನೊಬ್ರು ಅವ್ರೆ. ಬಿಸ್ಲು ಮಳೆ ಅನ್ನದೆ ನಿಂತವ್ರೆ. ಒಂದು ಮಾತೂ ಆಡ್ನಿಲ್ಲ" ಎಂದ.

ನಾನು ಕೂದಲು ಸರಿಮಾಡಿಕೊಂಡು, ಬೇಡ ಬೇಡ ಎನ್ನುವವನಂತೆ ಕೈ ಆಡಿಸುತ್ತ ಎದ್ದುನಿಂತೆ. "ಮಾತೂ ಆಡಲಿಲ್ಲ ಅಂದನಲ್ರೀ, ಅದು ನೀವಲ್ಲ. ಕೂತ್ಕೊಳ್ಳಿ" ಎಂದು ಮಂಜುಳಾ ಪಂಚೆ ಎಳೆದಳು.

ಮಾದಪ್ಪ ನನ್ನನ್ನು ದಾಟಿ ಅಂಗಳಕ್ಕೆ ನಡೆದ. ಬೆರ್ಚಪ್ಪನಿಗೆ ಶಾಲು ಹೊದಿಸಿದ, ಹಾರ ಹಾಕಿದ. ಊರೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಎಷ್ಟಾದರೂ ಅದು ನನ್ನ ಮದುವೆಯ ಕೋಟು. ಇಷ್ಟು ವರ್ಷದ ಸೇವೆಯಲ್ಲಿ ಆ ಕೋಟಿಗೆ ಸಿಕ್ಕ ಮೊದಲ ಸನ್ಮಾನ. ಒಳಗೆ ನಾನಿರಲಿಲ್ಲ, ಅಷ್ಟೇ!